ಖಾಲಿ ಜಾಗಕ್ಕೆ ಬಂದು ಕೂರುವವರು

1997ರಲ್ಲಿ ಸ್ಪೇನ್ ದೇಶದ ಲಿನಾರೆಸ್ ಎಂಬ ಊರಿನ ಮಕ್ಕಳ ಆಶ್ರಯ ಕೇಂದ್ರಕ್ಕೆ ಒಬ್ಬ ಹುಡುಗ ಬಂದು ಸೇರಿದ. ಹುಡುಗ ಅಂತ ಅಲ್ಲಿದ್ದವರು ಅಂದುಕೊಂಡಿದ್ದರು, ಅಷ್ಟೇ. ಅವನಿಗೆ ಆಗಲೇ 23 ವರ್ಷ. ಹೆಸರು ಫ್ರೆಡೆರಿಕ್ ಬೂರ್ಡನ್, ಫ್ರಾನ್ಸ್‌ನವನು. ದಿಕ್ಕಿಲ್ಲದ ಹುಡುಗನ ಸೋಗು ಹಾಕಿಕೊಂಡು ದೇಶದಿಂದ ದೇಶಕ್ಕೆ ಅಲೆಯುವುದು, ಇಂಥ ಕೇಂದ್ರಗಳಲ್ಲಿ ಉಳಿಯುವುದು, ಗುಟ್ಟು ರಟ್ಟಾಗುವ ಹೊತ್ತಿಗೆ ಅಲ್ಲಿಂದ ಜಾಗ ಖಾಲಿ ಮಾಡುವುದು. ವರ್ಷಗಳಿಂದ ಇದೇ ಅವನ ಬದುಕು. ಈ ಸಲ ಮಾತ್ರ ಅಧಿಕಾರಿಗಳು ಪಟ್ಟು ಬಿಡಲಿಲ್ಲ. ನೀನು ಯಾರು ಅಂತ ತೋರಿಸು, ಇಲ್ಲದಿದ್ದರೆ ಬೆರಳಚ್ಚು ತೆಗೆಸುತ್ತೇವೆ ಅಂದರು. ತೆಗೆಸಿದ್ದರೆ ಹಳೆಯ ಬಂಡವಾಳವೆಲ್ಲ ಬಯಲಾಗುತ್ತಿತ್ತು.

ಅವನು ಮಾಡಿದ್ದು ಇದು. ಅಮೆರಿಕದಲ್ಲಿ ಕಾಣೆಯಾದ ಮಕ್ಕಳನ್ನು ಹುಡುಕುವ ಸಂಸ್ಥೆಗೆ ಫೋನ್ ಮಾಡಿದ. ಆಶ್ರಯ ಕೇಂದ್ರದ ಸಿಬ್ಬಂದಿಯ ಹಾಗೆ ಮಾತನಾಡಿದ. ಇಲ್ಲೊಬ್ಬ ಹುಡುಗ ಸಿಕ್ಕಿದ್ದಾನೆ, ನೋಡೋಕೆ ಹೀಗಿದ್ದಾನೆ ಅಂತ ತನ್ನನ್ನೇ ವರ್ಣಿಸಿದ. ಆ ಕಡೆಯವರು ತಮ್ಮ ದಾಖಲೆ ಹುಡುಕಿ ಒಂದು ಹೆಸರು ಕೊಟ್ಟರು. ನಿಕೋಲಸ್ ಬಾರ್ಕ್ಲೇ. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊ ನಗರದಿಂದ 1994ರಲ್ಲಿ, 13ನೇ ವಯಸ್ಸಿನಲ್ಲಿ ಕಾಣೆಯಾಗಿದ್ದ ಹುಡುಗ.

ನಿಕೋಲಸ್‌ನ ಕಣ್ಣು ನೀಲಿ. ಇವನ ಕಣ್ಣು ಕಂದು. ನಿಕೋಲಸ್ ಟೆಕ್ಸಾಸ್‌ನ ಹುಡುಗ, ಇವನ ಇಂಗ್ಲಿಷಿನಲ್ಲಿ ಫ್ರೆಂಚ್ ಧಾಟಿ. ಇವನು ಕೂದಲಿಗೆ ಬಣ್ಣ ಹಾಕಿಕೊಂಡ, ಆ ಹುಡುಗನಿಗಿದ್ದಂಥದ್ದೇ ಹಚ್ಚೆ ಹಾಕಿಸಿಕೊಂಡ. ಅಪಹರಿಸಿದವರು ಕಣ್ಣಿಗೆ ಏನೋ ರಾಸಾಯನಿಕ ಹಾಕಿ ಬಣ್ಣ ಬದಲಾಯಿಸಿದರು ಅಂತ ಕಥೆ ಕಟ್ಟಿದ. ನಿಕೋಲಸ್‌ನ ಅಕ್ಕ ಅಮೆರಿಕದಿಂದ ವಿಮಾನ ಹತ್ತಿ ಬಂದರು. ನೋಡಿದರು. ಇವನೇ ನನ್ನ ತಮ್ಮ ಅಂದರು. ಮನೆಗೆ ಕರೆದುಕೊಂಡು ಹೋದರು. ಐದು ತಿಂಗಳ ಹತ್ತಿರ ಅವನು ಆ ಕುಟುಂಬದವರ ಜೊತೆ ಬದುಕಿದ.

ಈ ಕಥೆ ಕೇಳಿದವರೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ. ಅಷ್ಟೂ ಗೊತ್ತಾಗಲಿಲ್ವಾ ಅವರಿಗೆ? ಇಂಥ ಪ್ರಕರಣಗಳನ್ನು ನಾನು ಬಹಳ ಕಾಲದಿಂದ ಹುಡುಕಿ ಹುಡುಕಿ ಓದುತ್ತಾ ಬಂದಿದ್ದೇನೆ. ಓದಿದಷ್ಟೂ ಆ ಪ್ರಶ್ನೆ ನನಗೆ ಕ್ರೂರ ಅನ್ನಿಸುತ್ತದೆ. ಮೂರು ವರ್ಷದಿಂದ ಆ ಮನೆಯಲ್ಲಿ ಒಬ್ಬ ಹುಡುಗನ ಜಾಗ ಹಾಗೇ ಇತ್ತು. ಅವನು ಇದ್ದಾನೋ ಇಲ್ಲವೋ, ಅದೂ ಗೊತ್ತಿರಲಿಲ್ಲ. ಬೂರ್ಡನ್ ತನಗಾಗಿ ಹೊಸ ಮನುಷ್ಯನನ್ನು ಕಟ್ಟಿಕೊಳ್ಳಲಿಲ್ಲ. ಬೇರೆಯವರು ಕಣ್ಣೀರು ಹಾಕುತ್ತಾ ಕಾದಿಟ್ಟ ಜಾಗಕ್ಕೆ ಬಂದು ಕೂತ. ಸುಳ್ಳು ಹೆಸರಿನಲ್ಲಿ ಬದುಕುವವರ ಮನಸ್ಸು ಅರ್ಥವಾಗಬೇಕಾದರೆ ಆ ಖಾಲಿ ಜಾಗದಿಂದ ಶುರು ಮಾಡಬೇಕು ಅಂತ ನನಗೆ ಗಟ್ಟಿಯಾಗಿ ಅನ್ನಿಸಿದೆ.

ಇದಕ್ಕೂ 130 ವರ್ಷ ಹಿಂದೆ ಹೆಚ್ಚುಕಮ್ಮಿ ಇದೇ ನಡೆದಿತ್ತು. ರೋಜರ್ ಟಿಚ್‌ಬೋರ್ನ್ ಇಂಗ್ಲೆಂಡಿನ ಶ್ರೀಮಂತ ಮನೆತನದ ಯುವಕ. 1854ರಲ್ಲಿ ರಿಯೊ ಡಿ ಜನೈರೊದಿಂದ ಹಡಗು ಹತ್ತಿದ, ಆ ಹಡಗು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಅವನು ಸತ್ತ ಅಂತ ಎಲ್ಲರೂ ಒಪ್ಪಿಕೊಂಡರು, ತಾಯಿ ಒಬ್ಬರನ್ನು ಬಿಟ್ಟು. ಆಕೆ ಪತ್ರಿಕೆಗಳಿಗೆ ಜಾಹೀರಾತು ಕೊಟ್ಟರು. ಆಸ್ಟ್ರೇಲಿಯಾದ ಪತ್ರಿಕೆಗಳಲ್ಲೂ ಅದು ಬಂತು. ಅಲ್ಲಿನ ವಾಗಾ ವಾಗಾ ಎಂಬ ಊರಿನ ಮಾಂಸದಂಗಡಿಯವನೊಬ್ಬ ನಾನೇ ರೋಜರ್ ಅಂದ. ರೋಜರ್ ತೆಳ್ಳಗಿದ್ದ, ಇವನು ದಢೂತಿ. ರೋಜರ್ ಪ್ಯಾರಿಸ್‌ನಲ್ಲಿ ಫ್ರೆಂಚ್ ಮಾತಾಡಿಕೊಂಡು ಬೆಳೆದವನು, ಇವನಿಗೆ ಫ್ರೆಂಚ್ ಬರುತ್ತಲೇ ಇರಲಿಲ್ಲ. ರೋಜರ್ ಕೈ ಮೇಲೆ ಹಚ್ಚೆ ಇತ್ತು, ಇವನಿಗೆ ಇಲ್ಲ.

1867ರ ಜನವರಿ. ಪ್ಯಾರಿಸ್‌ನ ಒಂದು ಹೋಟೆಲ್ ಕೋಣೆ. ಹುಷಾರಿಲ್ಲ ಅಂತ ಅವನು ಗೋಡೆ ಕಡೆ ಮುಖ ಮಾಡಿ ಮಲಗಿದ್ದಾನೆ. ಕೋಣೆಯಲ್ಲಿ ಬೆಳಕು ಕಡಿಮೆ. ತಾಯಿ ಒಳಗೆ ಬಂದರು, ಬಗ್ಗಿ ನೋಡಿದರು. ಅಪ್ಪನ ಹಾಗೇ ಇದ್ದಾನೆ, ಕಿವಿ ಮಾತ್ರ ಚಿಕ್ಕಪ್ಪನದು ಅಂದರು. ಅಲ್ಲಿಗೆ ಮುಗಿಯಿತು. ವರ್ಷಕ್ಕೆ 1,000 ಪೌಂಡ್ ಕೊಡಲು ಒಪ್ಪಿಕೊಂಡರು. ಮರುವರ್ಷ ಆಕೆ ತೀರಿಕೊಂಡರು, ಕೊನೆಯವರೆಗೂ ಆ ಮಾತಿಗೆ ತಪ್ಪಲಿಲ್ಲ.

ಈ ಕಿವಿಯ ವಿಷಯ ನನ್ನನ್ನು ಬಿಡುವುದೇ ಇಲ್ಲ. ಯಾಕೆಂದರೆ ಟೆಕ್ಸಾಸ್‌ನಲ್ಲಿ ಬೂರ್ಡನ್ ಸಿಕ್ಕಿಬಿದ್ದದ್ದೂ ಕಿವಿಯಿಂದಲೇ. ಖಾಸಗಿ ಪತ್ತೇದಾರನೊಬ್ಬ ನಿಕೋಲಸ್‌ನ ಹಳೆಯ ಫೋಟೊ ತೆಗೆದುಕೊಂಡು ಇವನ ಕಿವಿಗೆ ಹೋಲಿಸಿ ನೋಡಿದ. ಆಕಾರ ಬೇರೆ ಇತ್ತು. ಕಣ್ಣಿನ ಬಣ್ಣಕ್ಕೆ ಕಥೆ ಕಟ್ಟಬಹುದು, ಕಿವಿಗೆ ಏನಂತ ಕಟ್ಟೋದು? ಆಮೇಲೆ ಬೆರಳಚ್ಚು, ಡಿಎನ್‌ಎ ಎಲ್ಲ ಬಂದು ಸತ್ಯ ಗೊತ್ತಾಯಿತು. 1998ರಲ್ಲಿ ಅವನಿಗೆ ಆರು ವರ್ಷ ಜೈಲಾಯಿತು. ಪತ್ತೇದಾರ ವ್ಯತ್ಯಾಸ ಹುಡುಕುತ್ತಿದ್ದ, ವ್ಯತ್ಯಾಸ ಸಿಕ್ಕಿತು. ಆ ತಾಯಿ ಮಗನನ್ನು ಹುಡುಕುತ್ತಿದ್ದರು, ಮಗನ ಕಿವಿ ಸಿಕ್ಕಿತು. ಇಬ್ಬರೂ ಕಣ್ಣು ಬಿಟ್ಟೇ ನೋಡಿದ್ದು.

ಹಾಗಾದರೆ ಸೋಗು ಹಾಕುವವನಿಗೆ ಬೇಕಿರುವುದು ಏನು? ದುಡ್ಡು ಅನ್ನುವುದು ಸುಲಭದ ಉತ್ತರ. ಟಿಚ್‌ಬೋರ್ನ್ ಪ್ರಕರಣಕ್ಕೆ ಅದು ತಕ್ಕಮಟ್ಟಿಗೆ ಒಪ್ಪುತ್ತದೆ, ದೊಡ್ಡ ಆಸ್ತಿ ಇತ್ತು. ಆದರೆ ಬೂರ್ಡನ್‌ಗೆ ಸ್ಯಾನ್ ಆಂಟೋನಿಯೊದಲ್ಲಿ ಕೊಳ್ಳೆ ಹೊಡೆಯೋಕೆ ಏನೂ ಇರಲಿಲ್ಲ. ಅಪ್ಪನ ಮುಖ ಕಾಣದೆ, ಅಜ್ಜ ಅಜ್ಜಿಯ ಹತ್ತಿರ ಬೆಳೆದವನು ಅವನು. ತನಗೆ ಬೇಕಿದ್ದದ್ದು ಪ್ರೀತಿ, ಒಂದು ಮನೆ ಅಂತ ಆಮೇಲೆ ಹೇಳಿಕೊಂಡ. ಓದುವಾಗ ಪಾಪ ಅನ್ನಿಸುತ್ತದೆ. ಆದರೆ ಜೈಲಿನಿಂದ ಬಿಡುಗಡೆಯಾಗಿ ಫ್ರಾನ್ಸ್‌ಗೆ ಹಿಂತಿರುಗಿದ ಮೇಲೆ ಮಾಡಿದ್ದೇನು? ಅಲ್ಲಿ ಕಾಣೆಯಾಗಿದ್ದ ಇನ್ನೊಬ್ಬ ಹುಡುಗ ನಾನೇ ಅಂದ. ಡಿಎನ್‌ಎ ಪರೀಕ್ಷೆ ಆ ಮಾತನ್ನು ಸುಳ್ಳು ಮಾಡಿತು. 2005ರಲ್ಲಿ, ಮೂವತ್ತರ ಆಸುಪಾಸಿನಲ್ಲಿ, 15 ವರ್ಷದ ಅನಾಥನಾಗಿ ಫ್ರಾನ್ಸ್‌ನ ಪೋ ನಗರದ ಶಾಲೆಯೊಂದಕ್ಕೆ ಸೇರಿದ. ಪ್ರೀತಿ ಬೇಕು ಅನ್ನುವುದು ತಪ್ಪಲ್ಲ. ಕಾಣೆಯಾದ ಮಗುವಿನ ಹೆಸರು ಹಾಕಿಕೊಂಡು ಆ ಮಗುವಿನ ಮನೆಯವರ ಮುಂದೆ ಕೈ ಚಾಚುವುದನ್ನು ಮಾತ್ರ ನನಗೆ ಪ್ರೀತಿಯ ಹಸಿವು ಅಂತ ಕರೆದು ಸುಮ್ಮನಾಗೋಕೆ ಆಗುವುದಿಲ್ಲ.

ಮನೋವಿಶ್ಲೇಷಣೆ ಮಾಡುವವರು ಈ ಬಗ್ಗೆ ಹಿಂದೆಯೇ ಯೋಚಿಸಿದ್ದಾರೆ. ಹೆಲೆನೆ ಡಾಯ್ಚ್ 1955ರಲ್ಲಿ ಬರೆದ ಲೇಖನದಲ್ಲಿ ಒಂದು ಮಾತು ಬರುತ್ತದೆ. ತಾನು ಹೀಗಿರಬೇಕು ಅನ್ನುವ ಕಲ್ಪನೆ ಆಕಾಶದಲ್ಲಿ, ತಾನು ನಿಜಕ್ಕೂ ಇರುವ ಸ್ಥಿತಿಯ ಬಗ್ಗೆ ಪಾತಾಳದಷ್ಟು ಕೀಳು ಭಾವನೆ. ಈ ಎರಡರ ನಡುವಿನ ಜಗ್ಗಾಟ ತಡೆಯಲಾರದೆ, ಆ ಕಲ್ಪನೆಯ ಮನುಷ್ಯ ತಾನೇ ಅಂತ ನಟಿಸಿಬಿಡುತ್ತಾನೆ ಅನ್ನುವುದು ಅವರ ವಿವರಣೆ. ಮೂರು ವರ್ಷದ ನಂತರ ಫಿಲಿಸ್ ಗ್ರೀನೇಕರ್ ಇನ್ನೊಂದು ಮುಖ್ಯ ಮಾತು ಸೇರಿಸಿದರು. ಇಂಥವನಿಗೆ ನೋಡುವವರು ಬೇಕೇ ಬೇಕು. ಅವರು ನಂಬಿದಾಗಷ್ಟೇ ತಾನು ಇದ್ದೇನೆ ಅಂತ ಅವನಿಗೆ ಅನ್ನಿಸುವುದು. ನಂಬುವವರಲ್ಲೂ ಆ ಸುಳ್ಳಿಗೆ ಒಂದು ಹಸಿವು ಇರುತ್ತದೆ ಅಂತ ಆಕೆ ಗುರುತಿಸಿದ್ದರು. ಆ ಕಾಲದ ಮನೋವಿಶ್ಲೇಷಣೆಯ ಎಷ್ಟೋ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಎಲ್ಲಕ್ಕೂ ಅಪ್ಪ ಅಮ್ಮನನ್ನೇ ಹೊಣೆ ಮಾಡುತ್ತಾರೆ. ಆದರೆ ಈ ಮಾತು ಮಾತ್ರ ಒಂದೊಂದು ಪ್ರಕರಣದಲ್ಲೂ ಕಣ್ಣಿಗೆ ಕಾಣುತ್ತದೆ.

ಖಾಲಿ ಜಾಗದ ವಿಷಯವನ್ನು ಸ್ವತಃ ಸೋಗುಗಾರನೇ ವಿವರಿಸಿದ್ದೂ ಇದೆ. ಅವನು ಅಮೆರಿಕದ ಫರ್ಡಿನಾಂಡ್ ಡೆಮಾರಾ. ಸನ್ಯಾಸಿ, ಮನಶ್ಶಾಸ್ತ್ರಜ್ಞ, ಜೈಲಿನ ಅಧಿಕಾರಿ, ಹೀಗೆ ಅವನು ಹಾಕದ ವೇಷವೇ ಇಲ್ಲ. ತನ್ನ ಜೀವನಚರಿತ್ರೆ ಬರೆದವರಿಗೆ ಅವನು ತನ್ನ ವಿಧಾನ ಹೇಳಿಕೊಟ್ಟಿದ್ದ. ಯಾವುದೇ ಸಂಸ್ಥೆಗೆ ಹೋದರೂ ಬೇರೆಯವರ ಅಧಿಕಾರಕ್ಕೆ ಕೈ ಹಾಕಬಾರದು. ಹಾಕಿದರೆ ಅವರು ತಿರುಗಿ ನಿಲ್ಲುತ್ತಾರೆ. ಯಾರೂ ಮಾಡದೆ ಬಿಟ್ಟ ಕೆಲಸ ಎಲ್ಲಿದೆ ನೋಡಿ, ಅಲ್ಲಿ ಬೇರು ಬಿಡಬೇಕು. ಅಲ್ಲಿ ನಿನಗೆ ಪೈಪೋಟಿಯೂ ಇಲ್ಲ, ನಿನ್ನ ಕೆಲಸ ಅಳೆಯೋಕೆ ಹಳೆಯ ಅಳತೆಯೂ ಇಲ್ಲ. ಅವನ ಇನ್ನೊಂದು ಸೂತ್ರ, ಸಾಬೀತು ಮಾಡುವ ಹೊಣೆ ಯಾವತ್ತೂ ಆರೋಪ ಮಾಡುವವನದೇ.

1951ರಲ್ಲಿ ಅವನು ಜೋಸೆಫ್ ಸಿರ್ ಎಂಬ ಕೆನಡಾದ ವೈದ್ಯರ ಹೆಸರಿನಲ್ಲಿ ಅಲ್ಲಿನ ನೌಕಾಪಡೆ ಸೇರಿದ. ಕೊರಿಯಾ ಯುದ್ಧದ ಕಾಲ. ವೈದ್ಯರ ಕೊರತೆ ಇತ್ತು. ಕಯೂಗಾ ಎಂಬ ಯುದ್ಧನೌಕೆಗೆ ಅವನನ್ನು ಕಳಿಸಿದರು. ಗಾಯಗೊಂಡ ಕೊರಿಯನ್ನರನ್ನು ನೌಕೆಗೆ ತಂದಾಗ, ವೈದ್ಯ ಕಾಲೇಜಿನ ಮೆಟ್ಟಿಲು ಹತ್ತದ ಈ ಮನುಷ್ಯ ಕೋಣೆಗೆ ಹೋಗಿ ಪುಸ್ತಕ ಓದಿಕೊಂಡು ಬಂದು ಶಸ್ತ್ರಚಿಕಿತ್ಸೆ ಮಾಡಿದ. ಅವರು ಬದುಕಿದರು. ಸುದ್ದಿ ಪತ್ರಿಕೆಗೆ ಹೋಯಿತು. ನಿಜವಾದ ಡಾಕ್ಟರ್ ಸಿರ್ ಕೆನಡಾದಲ್ಲಿ ತಮ್ಮ ಪಾಡಿಗೆ ರೋಗಿಗಳನ್ನು ನೋಡಿಕೊಂಡಿದ್ದರು. ಅವರ ತಾಯಿ ಪತ್ರಿಕೆ ಓದಿದರು, ಗುಟ್ಟು ರಟ್ಟಾಯಿತು. ನೌಕೆಯ ಕ್ಯಾಪ್ಟನ್‌ಗೆ ಮೊದಲು ಹೇಳಿದಾಗ ಅವರು ನಂಬಲೇ ಇಲ್ಲ.

ಈ ಕಥೆಯನ್ನು ಜನ ಇಷ್ಟಪಟ್ಟು ಹೇಳುತ್ತಾರೆ. ಸಿನಿಮಾ ಕೂಡ ಬಂತು. ನನಗೆ ಅದು ಸರಿ ಕಾಣುವುದಿಲ್ಲ. ಮೇಜಿನ ಮೇಲೆ ಮಲಗಿದ್ದವರಿಗೆ ತಮ್ಮ ಎದೆ ಬಗೆಯುತ್ತಿರುವವನು ವೈದ್ಯನಲ್ಲ ಅಂತ ಗೊತ್ತಿರಲಿಲ್ಲ. ಅವರ ಪುಣ್ಯ, ಬದುಕಿದರು. ಸತ್ತಿದ್ದರೆ ಈ ಕಥೆ ಯಾರೂ ನಗುತ್ತಾ ಹೇಳುತ್ತಿರಲಿಲ್ಲ. ಜಾಣ ಠಕ್ಕನನ್ನು ಮೆಚ್ಚುವ ಅಭ್ಯಾಸ ನಮ್ಮಲ್ಲಿ ಎಷ್ಟು ಆಳವಾಗಿದೆ ಅಂದರೆ, ಠಕ್ಕನ ಕಥೆಯಲ್ಲೂ ಯಾಮಾರುತ್ತೇವೆ. ಪೈಲಟ್ ಆಗಿದ್ದೆ, ವೈದ್ಯನಾಗಿದ್ದೆ, ವಕೀಲನಾಗಿದ್ದೆ ಅಂತ ಹೇಳಿಕೊಂಡು ಹೆಸರು ಮಾಡಿದ ಫ್ರಾಂಕ್ ಅಬಗ್ನೇಲ್‌ನ ಕಥೆ ಎಲ್ಲರಿಗೂ ಗೊತ್ತು. ದಾಖಲೆ ತೆಗೆದು ನೋಡಿದ ಪತ್ರಕರ್ತರಿಗೆ, ಸಂಶೋಧಕರಿಗೆ ಅದರಲ್ಲಿ ಬಹುಪಾಲಿಗೆ ಆಧಾರವೇ ಸಿಗಲಿಲ್ಲ. ಆದರೂ ಆ ಕಥೆ ಇವತ್ತಿಗೂ ಓಡುತ್ತಲೇ ಇದೆ. ನಮಗೆ ಅಂಥವನೊಬ್ಬ ಇರಬೇಕಿತ್ತು, ಅದೂ ಒಂದು ಖಾಲಿ ಜಾಗವೇ.

ನಗು ಬರಿಸುವ ಕಥೆಗಳ ಪಕ್ಕದಲ್ಲಿ ನಾನು ಯಾವಾಗಲೂ ಇಡುವ ಹೆಸರು ಫ್ರಾನ್ಸ್‌ನ ಜಾನ್ ಕ್ಲೋದ್ ರೊಮಾನ್. ವೈದ್ಯಕೀಯ ಓದುತ್ತಿದ್ದ. ಎರಡನೇ ವರ್ಷದ ಪರೀಕ್ಷೆಗೆ ಹೋಗಲಿಲ್ಲ. ಮನೆಯಲ್ಲಿ ಪಾಸಾದೆ ಅಂದ. ಅಷ್ಟೇ, ಒಂದೇ ಒಂದು ವಾಕ್ಯ. ಮರುದಿನ ಹೋಗಿ ಇಲ್ಲಪ್ಪ, ಸುಳ್ಳು ಹೇಳಿದೆ ಅಂದಿದ್ದರೆ ಒಂದಷ್ಟು ಬೈಗುಳ, ಒಂದು ವರ್ಷ ನಷ್ಟ. ಅವನು ಹೇಳಲಿಲ್ಲ. ಮುಂದೆ ವೈದ್ಯನಾದೆ ಅಂದ. ಮದುವೆಯಾದ, ಇಬ್ಬರು ಮಕ್ಕಳಾದರು. ಜಿನೀವಾದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಸಂಶೋಧಕನಾಗಿದ್ದೇನೆ ಅಂದ. 18 ವರ್ಷ.

ಆ 18 ವರ್ಷ ಅವನು ಹಗಲು ಹೊತ್ತು ಏನು ಮಾಡುತ್ತಿದ್ದ? ಬೆಳಿಗ್ಗೆ ಕೆಲಸಕ್ಕೆ ಅಂತ ಹೊರಡುತ್ತಿದ್ದ. ಹೆದ್ದಾರಿ ಬದಿಯ ತಂಗುದಾಣದಲ್ಲಿ ಕಾರು ನಿಲ್ಲಿಸಿ, ಒಳಗೆ ಕೂತು ಪತ್ರಿಕೆ ಓದುತ್ತಿದ್ದ. ಜುರಾ ಬೆಟ್ಟದ ಕಾಡಿನಲ್ಲಿ ಸುಮ್ನೆ ನಡೆಯುತ್ತಿದ್ದ. ಒಮ್ಮೊಮ್ಮೆ ವಿಶ್ವ ಆರೋಗ್ಯ ಸಂಸ್ಥೆಯ ಕಟ್ಟಡಕ್ಕೇ ಹೋಗಿ, ಸಾರ್ವಜನಿಕರಿಗೆ ಕೊಡುವ ಕಾಗದ ಪತ್ರ ತಂದು ಮನೆಯಲ್ಲಿ ಕಾಣುವ ಹಾಗೆ ಇಡುತ್ತಿದ್ದ. ಸಂಜೆ ಮನೆಗೆ. ದುಡ್ಡು ಎಲ್ಲಿಂದ? ಸ್ವಿಟ್ಜರ್ಲೆಂಡಿನಲ್ಲಿ ಒಳ್ಳೆಯ ಬಡ್ಡಿಗೆ ಹಾಕಿಸುತ್ತೇನೆ ಅಂತ ಅಪ್ಪ ಅಮ್ಮ, ಹೆಂಡತಿಯ ಕಡೆಯವರು ಕೊಟ್ಟ ಉಳಿತಾಯ. ಅದು ಕರಗುತ್ತಾ ಬಂತು, ಜನ ಕೇಳೋಕೆ ಶುರು ಮಾಡಿದರು. 1993ರ ಜನವರಿಯಲ್ಲಿ ಅವನು ಹೆಂಡತಿಯನ್ನು, ಇಬ್ಬರು ಮಕ್ಕಳನ್ನು, ಹೆತ್ತವರನ್ನು ಕೊಂದ. 1996ರಲ್ಲಿ ಜೀವಾವಧಿ ಶಿಕ್ಷೆಯಾಯಿತು. 2019ರಲ್ಲಿ ಷರತ್ತಿನ ಮೇಲೆ ಹೊರಗೆ ಬಂದ.

ಈ ಪ್ರಕರಣದಲ್ಲಿ ನನ್ನನ್ನು ತಡೆದು ನಿಲ್ಲಿಸುವುದು ಆ ಕಾರಿನೊಳಗಿನ ಗಂಟೆಗಳು. ವೈದ್ಯನಾಗುವ ಶ್ರಮಕ್ಕಿಂತ ವೈದ್ಯನ ಹಾಗೆ ಕಾಣುವ ಶ್ರಮ ಕಡಿಮೆಯೇನಲ್ಲ. ಅಷ್ಟು ವರ್ಷ ಅವನು ಒಬ್ಬನೇ, ಯಾರ ಕಣ್ಣೂ ತನ್ನ ಮೇಲೆ ಇಲ್ಲದ ಕಡೆ, ಯಾರೂ ಆಗಿರದೆ ಕೂತಿದ್ದ. ನೋಡುವವರು ಇರುವಾಗಷ್ಟೇ ಅವನು ಇರುತ್ತಿದ್ದದ್ದು. ಗ್ರೀನೇಕರ್ ಹೇಳಿದ ಮಾತು ಇಲ್ಲಿ ಎಷ್ಟು ಭಯಂಕರವಾಗಿ ನಿಜವಾಯಿತು ನೋಡಿ. ಸತ್ಯ ಗೊತ್ತಾಗಿ ಮನೆಯವರ ಕಣ್ಣಿನಲ್ಲಿ ಬೇರೆ ಮನುಷ್ಯನಾಗುವುದಕ್ಕಿಂತ, ಆ ಕಣ್ಣುಗಳೇ ಇಲ್ಲವಾಗಲಿ ಅನ್ನುವ ಮಟ್ಟಕ್ಕೆ ಹೋದ.

ಒಂದು ಸುಳ್ಳು ಹೀಗೆ 18 ವರ್ಷ ಬೆಳೆಯುವುದು ಹೇಗೆ? ಇದರ ಒಂದು ಚೂರು ಉತ್ತರ ಮಿದುಳಿನ ಅಧ್ಯಯನದಲ್ಲಿ ಸಿಗುತ್ತದೆ. 2016ರಲ್ಲಿ ಲಂಡನ್‌ನಲ್ಲಿ ಟಾಲಿ ಶಾರೊಟ್ ಮತ್ತು ಅವರ ಜೊತೆಯವರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ತಮ್ಮ ಲಾಭಕ್ಕೆ ಸುಳ್ಳು ಹೇಳುವ ಅವಕಾಶವನ್ನು ಜನರಿಗೆ ಮತ್ತೆ ಮತ್ತೆ ಕೊಟ್ಟು, ಆ ಹೊತ್ತಿನಲ್ಲಿ ಮಿದುಳನ್ನು ಸ್ಕ್ಯಾನ್ ಮಾಡಿದರು. ಭಾವನೆಗೆ ಸಂಬಂಧಪಟ್ಟ ಅಮಿಗ್ಡಲಾ ಎಂಬ ಭಾಗ ಮೊದಲ ಸುಳ್ಳುಗಳಿಗೆ ಜೋರಾಗಿ ಪ್ರತಿಕ್ರಿಯಿಸಿತು. ಬರಬರುತ್ತಾ ಆ ಪ್ರತಿಕ್ರಿಯೆ ಇಳಿಯಿತು, ಸುಳ್ಳು ದೊಡ್ಡದಾಯಿತು. ಹೊಸ ಚಪ್ಪಲಿ ಮೊದಲು ಕಚ್ಚುತ್ತದೆ, ಆಮೇಲೆ ಕಾಲಿಗೆ ಚಪ್ಪಲಿ ಇದೆ ಅನ್ನುವುದೇ ಮರೆಯುತ್ತದೆ, ಹಾಗೆ. ಪ್ರಯೋಗಶಾಲೆಯ ಸಣ್ಣ ಸುಳ್ಳಿಗೂ ರೊಮಾನ್‌ನ ಬದುಕಿಗೂ ತುಂಬಾ ದೂರ ಇದೆ, ಒಪ್ಪುತ್ತೇನೆ. ಆದರೂ ಅಳುಕು ಕರಗುತ್ತದೆ ಅನ್ನುವುದು ಗೊತ್ತಾಗಿದ್ದು ಸಣ್ಣ ಮಾತಲ್ಲ.

ಮತ್ತೆ ಕೆಲವರಿಗೆ ಅಳುಕಿನ ಪ್ರಶ್ನೆಯೇ ಬೇರೆ. 1891ರಲ್ಲೇ ಆಂಟನ್ ಡೆಲ್‌ಬ್ರೂಕ್ ಎಂಬ ಮನೋವೈದ್ಯರು ಇಂಥ ರೋಗಿಗಳನ್ನು ವಿವರಿಸಿದ್ದರು. ಅವರ ಸುಳ್ಳು ಎಷ್ಟು ವಿಪರೀತ ಅಂದರೆ, ಅದರಿಂದ ಯಾವ ಲಾಭವೂ ಕಾಣುತ್ತಿರಲಿಲ್ಲ. ಎಲ್ಲಿ ಸುಳ್ಳು ಮುಗಿಯಿತು, ಎಲ್ಲಿ ಭ್ರಮೆ ಶುರುವಾಯಿತು ಅಂತ ಗೆರೆ ಎಳೆಯೋದೂ ಕಷ್ಟವಾಗಿತ್ತು. ಸೋಗು ಹಾಕುವುದು ಅನ್ನುವ ಹೆಸರಿನ ಕಾಯಿಲೆ ಮನೋವೈದ್ಯರ ಪಟ್ಟಿಯಲ್ಲಿ ಇಲ್ಲ. ಇರಬೇಕು ಅಂತಲೂ ನನಗೆ ಅನ್ನಿಸುವುದಿಲ್ಲ. ಒಂದೇ ಹೆಸರಿನಡಿ ತುರುಕೋಕೆ ಆಗದಷ್ಟು ಬೇರೆ ಬೇರೆ ಜನ ಇವರು.

ಇದೇ ಗುಂಪಿಗೆ ಜನ ತಪ್ಪಾಗಿ ಸೇರಿಸುವ ಇನ್ನೊಬ್ಬರಿದ್ದಾರೆ. ಓದು, ಕೆಲಸ, ಅನುಭವ ಎಲ್ಲ ಇದ್ದೂ, ನಾನು ಇದಕ್ಕೆ ಲಾಯಕ್ಕಿಲ್ಲ, ಒಂದಲ್ಲ ಒಂದು ದಿನ ಸಿಕ್ಕಿಬೀಳುತ್ತೇನೆ ಅಂತ ಒಳಗೇ ನಡುಗುವವರು. 1978ರಲ್ಲಿ ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ ಇದನ್ನು ಗುರುತಿಸಿ, ಇಂಪೋಸ್ಟರ್ ಫಿನಾಮಿನನ್, ಅಂದರೆ ತಾನು ಸೋಗುಗಾರ ಅನ್ನುವ ಭಾವ, ಅಂತ ಹೆಸರಿಟ್ಟು ಬರೆದರು. ನಿಜವಾದ ಸೋಗುಗಾರನಿಗೂ ಇವರಿಗೂ ಇರುವುದು ಹೆಸರಿನ ನಂಟು ಮಾತ್ರ. ತಾನು ಸುಳ್ಳು ಅಂತ ಹೆದರುವವನು ಯಾರ ಜಾಗವನ್ನೂ ಕಸಿದಿರುವುದಿಲ್ಲ.

ಇನ್ನು ನಂಬುವವರ ಕಡೆಗೆ ಬರೋಣ. ಮುಖ ನೋಡಿಯೇ ಸುಳ್ಳು ಹಿಡಿಯುತ್ತೇನೆ ಅಂತ ಅಂದುಕೊಂಡವರು ಜಾಸ್ತಿ. ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ ಈ ವಿಷಯದ ನೂರಾರು ಅಧ್ಯಯನಗಳನ್ನು ಒಟ್ಟು ಸೇರಿಸಿ 2006ರಲ್ಲಿ ಲೆಕ್ಕ ಹಾಕಿದರು. ಸುಳ್ಳು ಯಾವುದು, ನಿಜ ಯಾವುದು ಅಂತ ಜನ ಸರಿಯಾಗಿ ಹೇಳಿದ್ದು ಸರಾಸರಿ 54 ಶೇಕಡಾ. ನಾಣ್ಯ ಚಿಮ್ಮಿ ಹೇಳಿದ್ದರೂ 50 ಬರುತ್ತಿತ್ತು. ಎದುರಿಗಿರುವವರು ನಿಜ ಹೇಳುತ್ತಿದ್ದಾರೆ ಅಂದುಕೊಂಡೇ ನಾವು ಮಾತು ಶುರು ಮಾಡುತ್ತೇವೆ ಅಂತ ಟಿಮೊಥಿ ಲೆವಿನ್ ಎಂಬ ಸಂಶೋಧಕರು ವಾದಿಸುತ್ತಾರೆ. ಅದನ್ನು ಅವರು ದೌರ್ಬಲ್ಯ ಅನ್ನುವುದಿಲ್ಲ. ಪ್ರತಿಯೊಬ್ಬರ ಹೆಸರನ್ನೂ ಪ್ರತಿ ದಿನ ಪರೀಕ್ಷೆ ಮಾಡುತ್ತಾ ಕೂತರೆ ಸಂಸಾರ, ಸ್ನೇಹ, ಆಸ್ಪತ್ರೆ, ಶಾಲೆ ಯಾವುದೂ ನಡೆಯುವುದಿಲ್ಲ ಅಲ್ವಾ? ರೊಮಾನ್‌ನ ಹೆಂಡತಿ ಗಂಡನ ಕಚೇರಿಗೆ ಫೋನ್ ಮಾಡಿ ಇವನು ಇಲ್ಲಿ ಕೆಲಸ ಮಾಡುತ್ತಾನಾ ಅಂತ ಕೇಳಬೇಕಿತ್ತು ಅನ್ನುವವರಿಗೆ ನಾನು ಕೇಳುವುದಿಷ್ಟೇ. ನೀವು ಕೇಳಿದ್ದೀರಾ?

ನಂಬಿಕೆ ಹೋಗಿ ಕೂರುವುದು ಮನುಷ್ಯನ ಮೇಲೆ ಮಾತ್ರ ಅಲ್ಲ, ಬಟ್ಟೆಯ ಮೇಲೂ. 1906ರ ಅಕ್ಟೋಬರ್‌ನಲ್ಲಿ ವಿಲ್ಹೆಲ್ಮ್ ಫೋಕ್ಟ್ ಎಂಬ ಶೂ ಹೊಲಿಯುವ ಕಸುಬಿನವನು ಹಳೆಯ ಬಟ್ಟೆ ಅಂಗಡಿಗಳಲ್ಲಿ ಬಿಡಿಬಿಡಿಯಾಗಿ ಕೊಂಡ ಕ್ಯಾಪ್ಟನ್ ಸಮವಸ್ತ್ರ ಹಾಕಿಕೊಂಡು ಬರ್ಲಿನ್‌ನ ಬೀದಿಯಲ್ಲಿ ನಿಂತ. ಹೋಗುತ್ತಿದ್ದ ಸೈನಿಕರನ್ನು ತಡೆದು ನನ್ನ ಹಿಂದೆ ಬನ್ನಿ ಅಂದ. ಬಂದರು. ಪಕ್ಕದ ಕೋಪೆನಿಕ್ ಊರಿನ ಪುರಭವನಕ್ಕೆ ಹೋಗಿ ಮೇಯರನ್ನೇ ಬಂಧಿಸಿದ, ಖಜಾನೆಯಲ್ಲಿದ್ದ ಸಾವಿರಾರು ಮಾರ್ಕ್ ತೆಗೆದುಕೊಂಡು ರಸೀದಿ ಬರೆದುಕೊಟ್ಟು ಹೊರಟುಹೋದ. ಜರ್ಮನಿಯೆಲ್ಲ ನಕ್ಕಿತು. ಆದರೆ ಫೋಕ್ಟ್‌ನ ಹಿಂದಿನ ಕಥೆ ನಗುವಂಥದ್ದಲ್ಲ. ಬದುಕಿನ ಬಹುಭಾಗ ಜೈಲಿನಲ್ಲಿ ಕಳೆದವನು. ಹೊರಗೆ ಬಂದು ಕೆಲಸ ಹಿಡಿದರೂ, ಜೈಲಿಗೆ ಹೋಗಿ ಬಂದವನು ಅಂತ ಪೊಲೀಸರು ಊರಿಂದ ಓಡಿಸುತ್ತಿದ್ದರು. ಇರೋಕೆ ಪರವಾನಗಿ ಇಲ್ಲದೆ ಕೆಲಸ ಇಲ್ಲ, ಕೆಲಸ ಇಲ್ಲದೆ ಪರವಾನಗಿ ಇಲ್ಲ. ಸ್ವಂತ ಹೆಸರಿನಲ್ಲಿ ಅವನಿಗೆ ನಿಲ್ಲೋಕೂ ಜಾಗ ಇರಲಿಲ್ಲ, ಸುಳ್ಳು ಬಟ್ಟೆಯಲ್ಲಿ ಇಡೀ ಪುರಭವನವೇ ಅವನದಾಯಿತು. ನಾಲ್ಕು ವರ್ಷ ಶಿಕ್ಷೆಯಾಯಿತು, 1908ರಲ್ಲಿ ಚಕ್ರವರ್ತಿಯ ಕ್ಷಮೆ ಸಿಕ್ಕಿತು. ನಾನು ಓದಿದ ಇಷ್ಟು ಜನರಲ್ಲಿ ನನಗೆ ಮನಸಾರೆ ಮರುಕ ಹುಟ್ಟಿದ್ದು ಇವನೊಬ್ಬನ ಮೇಲೆ.

ಸಿಟ್ಟು ಬಂದದ್ದು ಎನ್ರಿಕ್ ಮಾರ್ಕೊ ಮೇಲೆ. ನಾಜಿಗಳ ಫ್ಲೋಸೆನ್‌ಬುರ್ಗ್ ಶಿಬಿರದಿಂದ ಬದುಕಿ ಬಂದವನು ತಾನು ಅಂತ ಹೇಳಿಕೊಂಡ ಸ್ಪೇನ್‌ನ ಮನುಷ್ಯ. ಮೌಟ್‌ಹೌಸೆನ್ ಶಿಬಿರದಿಂದ ಉಳಿದು ಬಂದ ಸ್ಪೇನ್‌ನವರ ಸಂಘಕ್ಕೆ ಅಧ್ಯಕ್ಷನಾದ. ಶಾಲೆ ಶಾಲೆಗೆ ಹೋಗಿ ಮಕ್ಕಳ ಮುಂದೆ ಮಾತಾಡಿದ. 2005ರ ಜನವರಿಯಲ್ಲಿ ಸ್ಪೇನ್ ಸಂಸತ್ತಿನಲ್ಲೂ ಮಾತಾಡಿದ, ಕೇಳಿದವರು ಕಣ್ಣು ಒರೆಸಿಕೊಂಡರು. ಅದೇ ವರ್ಷ ಬೆನಿಟೊ ಬೆರ್ಮೆಹೊ ಎಂಬ ಇತಿಹಾಸಕಾರ ದಾಖಲೆ ಹುಡುಕಿ ತೋರಿಸಿದರು. ಮಾರ್ಕೊ ಜರ್ಮನಿಗೆ ಹೋಗಿದ್ದು ನಿಜ, ಆದರೆ ತಾನಾಗಿಯೇ ಕೆಲಸಕ್ಕೆ ಒಪ್ಪಿ ಹೋದವನು. ಆ ಶಿಬಿರದಲ್ಲಿ ಅವನು ಇರಲೇ ಇಲ್ಲ. ಅವನ ಸಮರ್ಥನೆ ಹೀಗಿತ್ತು, ನಾನು ಹೇಳಿದ ಸಂಗತಿಗಳೆಲ್ಲ ನಡೆದವೇ, ನಾನೇ ಅನುಭವಿಸಿದೆ ಅಂದರೆ ಜನ ಕಿವಿಗೊಡುತ್ತಾರೆ ಅಂತ ಹಾಗೆ ಹೇಳಿದೆ.

ಈ ವಾದ ಎಷ್ಟು ಅಪಾಯ ಅಂತ ಯೋಚಿಸಿ. ನಿಜವಾಗಿ ನರಳಿದವರಲ್ಲಿ ಎಷ್ಟೋ ಜನ ಮಾತಾಡಲಾರದೆ ಹೋದರು. ಮಾತಾಡಿದವರೂ ತಡವರಿಸಿದರು, ನಡುನಡುವೆ ಮರೆತರು. ಇವನು ನಿರರ್ಗಳವಾಗಿ ಮಾತಾಡಿದ, ಯಾಕೆಂದರೆ ಇವನಿಗೆ ನೋವಾಗಿರಲಿಲ್ಲ. ನೊಂದವರು ಹೀಗೇ ಮಾತಾಡಬೇಕು ಅಂತ ಕೇಳುವವರ ಮನಸ್ಸಿನಲ್ಲಿ ಒಂದು ಅಚ್ಚು ಇರುತ್ತದೆ. ಆ ಅಚ್ಚಿಗೆ ನಕಲಿಯವನು ಸಲೀಸಾಗಿ ಹೊಂದುತ್ತಾನೆ. ನಿಜವಾದವರು ಹೊಂದುವುದಿಲ್ಲ.

ಹಾಗೆ ಹೊಂದದೆ ಹೋದ ನಿಜ ಮನುಷ್ಯನ ಪ್ರಕರಣವೂ ಇದೆ. ಢಾಕಾ ಹತ್ತಿರದ ಭವಾಲ್ ಜಮೀನ್ದಾರಿಯ ಎರಡನೇ ಕುಮಾರ ರಾಮೇಂದ್ರ ನಾರಾಯಣ ರಾಯ್ 1909ರಲ್ಲಿ ಡಾರ್ಜಿಲಿಂಗ್‌ನಲ್ಲಿ ತೀರಿಕೊಂಡ ಅಂತ ಸುದ್ದಿಯಾಯಿತು. ಹತ್ತು ಹನ್ನೊಂದು ವರ್ಷದ ಮೇಲೆ ಮೈಗೆಲ್ಲ ಬೂದಿ ಬಳಿದುಕೊಂಡ ಸನ್ಯಾಸಿಯೊಬ್ಬ ಢಾಕಾದಲ್ಲಿ ಕಾಣಿಸಿಕೊಂಡ. ಅವನ ಬಾಯಲ್ಲಿ ಬಂಗಾಳಿ ಸರಿಯಾಗಿ ಬರುತ್ತಿರಲಿಲ್ಲ. ಅಕ್ಕ ಇವನೇ ನನ್ನ ತಮ್ಮ ಅಂದರು. ಹೆಂಡತಿ ಅಲ್ಲ ಅಂದರು. 1930ರಲ್ಲಿ ಮೊಕದ್ದಮೆ ಹೂಡಲಾಯಿತು, ಸಾವಿರಕ್ಕೂ ಹೆಚ್ಚು ಸಾಕ್ಷಿಗಳ ವಿಚಾರಣೆ ನಡೆಯಿತು. ಮೈಮೇಲಿನ ಒಂದೊಂದು ಗುರುತನ್ನೂ ಅಳೆದರು. 1936ರಲ್ಲಿ ಢಾಕಾದ ನ್ಯಾಯಾಲಯ, 1940ರಲ್ಲಿ ಕಲ್ಕತ್ತಾ ಹೈಕೋರ್ಟ್, 1946ರಲ್ಲಿ ಲಂಡನ್‌ನ ಪ್ರಿವಿ ಕೌನ್ಸಿಲ್, ಎಲ್ಲ ಕಡೆ ಅವನೇ ಗೆದ್ದ. ಆ ಕೊನೆಯ ತೀರ್ಪು ಬಂದ ಕೆಲವೇ ದಿನಗಳಲ್ಲಿ ತೀರಿಕೊಂಡ. ಹೆಂಡತಿ ಕೊನೆವರೆಗೂ ಒಪ್ಪಲಿಲ್ಲ.

ಟಿಚ್‌ಬೋರ್ನ್ ಪ್ರಕರಣವನ್ನೂ ಇದನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ತಲೆ ತಿರುಗುತ್ತದೆ. ಸತ್ತನೆಂದು ಬಿಟ್ಟವನು ವರ್ಷಗಳ ಮೇಲೆ ಬರುತ್ತಾನೆ, ಮನೆಮಾತು ಮರೆತಿದ್ದಾನೆ, ಹೆಣ್ಣುಮಗಳೊಬ್ಬಳು ಇವನೇ ಅನ್ನುತ್ತಾಳೆ. ಹೊರಗಿನ ರೂಪ ಎರಡಕ್ಕೂ ಒಂದೇ. ಒಂದರಲ್ಲಿ ಬಂದವನು ಠಕ್ಕ ಅಂತ ಕೋರ್ಟ್ ಹೇಳಿತು, ಇನ್ನೊಂದರಲ್ಲಿ ಕುಮಾರನೇ ಅಂತ. ನಾನು ಯಾರು ಅನ್ನುವುದನ್ನು ನಾನೊಬ್ಬನೇ ಹೊತ್ತುಕೊಂಡು ತಿರುಗುವುದಿಲ್ಲ. ಅದರ ದೊಡ್ಡ ಪಾಲು ನನ್ನನ್ನು ಬಲ್ಲವರ ನೆನಪಿನಲ್ಲಿದೆ. ಸೋಗುಗಾರ ಕಳವು ಮಾಡುವುದು ಆ ನೆನಪನ್ನು. ಅವನು ಹೋದ ಮೇಲೂ ಅದು ಮೊದಲಿನ ಹಾಗೆ ಆಗುವುದಿಲ್ಲ.

ನನಗೆ ಹತ್ತಿರದವರೊಬ್ಬರು ಹೀಗೆ ಮೋಸ ಹೋಗಿದ್ದರು. ಫೋನಿನಲ್ಲೇ ಬೆಳೆದ ಸ್ನೇಹ, ತಿಂಗಳುಗಟ್ಟಲೆ ಮಾತು. ಆ ಕಡೆಯವನ ಹೆಸರು, ಫೋಟೊ, ಕೆಲಸ ಎಲ್ಲ ಬೇರೆ ಯಾರದ್ದೋ. ವಿಷಯ ಗೊತ್ತಾದಾಗ ಎಲ್ಲರೂ ಕೇಳಿದ್ದು ಎಷ್ಟು ದುಡ್ಡು ಹೋಯಿತು ಅಂತ. ಒಂದು ಪೈಸೆಯೂ ಹೋಗಿರಲಿಲ್ಲ. ಹಾಗಾದರೆ ಬಿಡಿ, ಬಚಾವಾದಿರಿ ಅಂದರು. ಆಮೇಲೊಂದು ದಿನ ಆಕೆ ನನ್ನ ಹತ್ತಿರ ಹೇಳಿದರು, "ಅವನು ಸತ್ತಿದ್ದರೆ ಅತ್ತು ಹಗುರಾಗಬಹುದಿತ್ತು. ಇಲ್ಲವೇ ಇಲ್ಲದವನಿಗೋಸ್ಕರ ಹೇಗೆ ಅಳೋದು ಹೇಳಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಅವತ್ತಿನಿಂದ, ಮೋಸ ಹೋದವರು ಎದುರಿಗೆ ಬಂದರೆ ಎಷ್ಟು ಹೋಯಿತು ಅಂತ ಕೇಳುವುದನ್ನು ಬಿಟ್ಟಿದ್ದೇನೆ. ಅವನು ಹೇಗಿದ್ದ, ಏನು ಮಾತಾಡುತ್ತಿದ್ದ ಅಂತ ಕೇಳುತ್ತೇನೆ. ಅವರು ತುಂಬಾ ಹೊತ್ತು ಮಾತಾಡುತ್ತಾರೆ. ಅವರಿಗಾದ ನಷ್ಟ ಏನು ಅಂತ ಗೊತ್ತಾಗುವುದು ಆ ಮಾತಿನಲ್ಲಿ.

ಇಂಥವರು ಎಂದಾದರೂ ನಿಲ್ಲಿಸುತ್ತಾರಾ? ಟಿಚ್‌ಬೋರ್ನ್ ಹೆಸರಿನಲ್ಲಿ ಬಂದವನು ಕ್ರಿಮಿನಲ್ ಮೊಕದ್ದಮೆಯಲ್ಲಿ ಸೋತು, 14 ವರ್ಷದ ಶಿಕ್ಷೆಯಲ್ಲಿ ಹತ್ತು ವರ್ಷ ಕಳೆದು ಹೊರಗೆ ಬಂದ. 1895ರಲ್ಲಿ ನಾನು ಆರ್ಥರ್ ಆರ್ಟನ್ ಅಂತ ಒಪ್ಪಿಕೊಂಡ, ಆಮೇಲೆ ಅದನ್ನೂ ಹಿಂದಕ್ಕೆ ತೆಗೆದುಕೊಂಡ. 1898ರಲ್ಲಿ ಬಡತನದಲ್ಲಿ ಸತ್ತಾಗ ಶವಪೆಟ್ಟಿಗೆಯ ಮೇಲೆ ಇದ್ದದ್ದು ಸರ್ ರೋಜರ್ ಟಿಚ್‌ಬೋರ್ನ್ ಎಂಬ ಹೆಸರೇ.

ಡೆಮಾರಾನ ಕೊನೆ ಬೇರೆ ರೀತಿ ಆಯಿತು. ಅವನ ಮುಖ ಪತ್ರಿಕೆ, ಸಿನಿಮಾಗಳಿಂದ ಎಲ್ಲರಿಗೂ ಪರಿಚಯವಾಗಿಹೋಗಿತ್ತು, ಹೊಸ ವೇಷ ಹಾಕೋಕೆ ದಾರಿ ಉಳಿದಿರಲಿಲ್ಲ. 1967ರಲ್ಲಿ ಪೋರ್ಟ್‌ಲೆಂಡ್‌ನ ಬೈಬಲ್ ಶಾಲೆಯೊಂದರಲ್ಲಿ ಓದಿ, ತನ್ನದೇ ಹೆಸರಿನಲ್ಲಿ ಪ್ರಮಾಣಪತ್ರ ಪಡೆದ. ಆಮೇಲೆ ಕ್ಯಾಲಿಫೋರ್ನಿಯಾದ ಅನಾಹೈಮ್‌ನ ಆಸ್ಪತ್ರೆಯೊಂದರಲ್ಲಿ ರೋಗಿಗಳಿಗೆ ಧೈರ್ಯ ಹೇಳುವ ಪಾದ್ರಿಯಾಗಿ ಸೇರಿದ. ಅವನ ಹಳೆಯ ಚರಿತ್ರೆ ಗೊತ್ತಾದಾಗ ಕೆಲಸದಿಂದ ತೆಗೆಯುವ ಮಾತು ಎದ್ದಿತು. ಅಲ್ಲಿನ ಮುಖ್ಯ ವೈದ್ಯರು ಎಲ್ಲ ತಿಳಿದುಕೊಂಡೇ ಅವನ ಪರವಾಗಿ ನಿಂತರು. ಅವನು ಅಲ್ಲೇ ಉಳಿದ. ಕಾಯಿಲೆ ಬಿದ್ದು ಕೆಲಸ ಮಾಡಲಾಗದೆ ಹೋದ ಮೇಲೂ ಆಸ್ಪತ್ರೆಯವರು ಅವನನ್ನು ಹೊರಗೆ ಕಳಿಸಲಿಲ್ಲ. 1982ರಲ್ಲಿ ತೀರಿಕೊಂಡಾಗ ಅವನಿಗೆ 60 ವರ್ಷ, ಹೆಸರು ಫರ್ಡಿನಾಂಡ್ ಡೆಮಾರಾ.